ಬಲಿಯದ ಬಿಳಿಕಣಗಳು

ರಕ್ತವನ್ನು ಬಾಯಿಂದ ಎಳೆಯುತ್ತಿದ್ದೆವು ಎಂದರೆ ಈಗ ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಸೇರುವ ಹುಡುಗಿಯರು ಮುಖ ಕಿವುಚುತ್ತಾರೆ. ಕಿವುಚಲಿ. ಗಾಜಿನ ಸಣ್ಣ ಪಿಪೆಟ್ಟು, ಅದಕ್ಕೊಂದು ರಬ್ಬರ್ ನಳಿಗೆ, ನಳಿಗೆಯ ತುದಿ ನಮ್ಮ ಹಲ್ಲುಗಳ ನಡುವೆ. ರೋಗಿಯ ಬೆರಳಿನ ಮೇಲೆ ಕೂತ ಹನಿಗೆ ಪಿಪೆಟ್ಟಿನ ಮೂತಿ ತಾಗಿಸಿ, ಉಸಿರು ಹಿಡಿದು, ಗೀಟಿನವರೆಗೆ ಎಳೆಯಬೇಕು. ನಡುವೆ ಕೆಮ್ಮು ಬಂದರೆ ಮುಗಿಯಿತು. ತೊಂಬತ್ತರ ದಶಕದ ಮೊದಲಲ್ಲಿ ಕೂಡ್ಲಿಗಿ ಆಸ್ಪತ್ರೆಯಲ್ಲಿ ನನಗೆ ಈ ವಿದ್ಯೆ ಕಲಿಸಿದವರು ಹಿರಿಯ ಟೆಕ್ನಿಷಿಯನ್ ಖಾದರ್ ಸಾಹೇಬರು. ಸೇರಿದ ಹೊಸದರಲ್ಲೇ ಯಾರದೋ ರಕ್ತ ನನ್ನ ನಾಲಿಗೆಗೆ ಬಂತು. ಉಗುಳಿ ಉಗುಳಿ ಅಳುತ್ತಿದ್ದವಳಿಗೆ ಅವರು ಲೋಟದಲ್ಲಿ ನೀರು ಕೊಟ್ಟು, "ಅಳಬ್ಯಾಡ ತಂಗ್ಯವ್ವ. ಉಪ್ಪು ಉಪ್ಪು ಇತ್ತಲ್ಲ? ಎಲ್ಲಾರದೂ ಹಂಗ ಇರ್ತೈತಿ" ಎಂದರು.

ಎಲ್ಲರದೂ ಒಂದೇ ಎಂಬ ಮಾತು ನನಗೆ ಸಮಾಧಾನ ಕೊಟ್ಟಿತು. ನಾನು ಬಂದದ್ದು ಊರ ಹೊರಗಿನ ಕೇರಿಯಿಂದ. ನಮ್ಮವ್ವನನ್ನು ಹೊಸ್ತಿಲ ಆಚೆ ನಿಲ್ಲಿಸುತ್ತಿದ್ದ ಮನೆಗಳವರು ಜ್ವರ ಬಂದಾಗ ನನ್ನ ಮುಂದೆ ಬೆರಳು ಚಾಚಿ ಕೂರುತ್ತಿದ್ದರು. ಸೂಜಿ ಹಿಡಿದವಳ ಜಾತಿ ಕೇಳಲು ಅವರಿಗೆ ಆಗ ಪುರುಸೊತ್ತು ಇರುತ್ತಿರಲಿಲ್ಲ. ಗುಣವಾದ ಮೇಲೆ ಬೀದಿಯಲ್ಲಿ ಕಂಡರೆ ಗುರುತು ಹಿಡಿಯುತ್ತಿರಲಿಲ್ಲ, ಅದು ಬೇರೆ.

ನನ್ನ ಹೆಸರು ತಿಪ್ಪಮ್ಮ. ನನಗಿಂತ ಮೊದಲು ಹುಟ್ಟಿದವರು ಉಳಿಯಲಿಲ್ಲವೆಂದು ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ, "ಇದು ನಮ್ಮ ಕೂಸಲ್ಲ, ತಿಪ್ಪಿಯಾಗ ಸಿಕ್ಕದ್ದು" ಎಂದು ಸಾವಿನ ಕಣ್ಣಿಗೆ ಮಣ್ಣೆರಚಿ ಇಟ್ಟ ಹೆಸರು. ಈ ಸೀಮೆಯಲ್ಲಿ ತಿಪ್ಪಣ್ಣ, ತಿಪ್ಪೇಶಿ, ತಿಪ್ಪವ್ವ ಎಂದು ಕರೆದರೆ ಸಂತೆಯಲ್ಲಿ ಅರ್ಧ ಜನ ತಿರುಗಿ ನೋಡುತ್ತಾರೆ. ಆ ಪ್ರತಿ ಹೆಸರಿನ ಹಿಂದೆ ಸತ್ತುಹೋದ ಅಣ್ಣನೋ ಅಕ್ಕನೋ ಇರುತ್ತಾರೆ ಎಂಬುದನ್ನು ನಾವು ಯಾರೂ ನೆನೆಸಿಕೊಳ್ಳುವುದಿಲ್ಲ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ವರ್ಗವಾಯಿತು. ಅಲ್ಲಿ ನಾನು ಮಾಡಿದ ಮೊದಲ ಎಡವಟ್ಟು ನೀರಿನದು. ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ನೀರಿನಲ್ಲಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ನಮ್ಮ ದಿನನಿತ್ಯದ ಕೆಲಸ. ಕೊಟ್ಟೂರಿನಲ್ಲಿ ಯಾರ ರಕ್ತ ನೋಡಿದರೂ ನೀಲಿ. ಕೆಂಪು ಕಣವೂ ನೀಲಿ, ಬಿಳಿ ಕಣವೂ ನೀಲಿ. ಬಣ್ಣ ಹಳೆಯದಾಗಿದೆ ಎಂದು ಹೊಸ ಶೀಶೆ ತರಿಸಿದೆ, ಡಾಕ್ಟರರಿಂದ ಬೈಸಿಕೊಂಡೆ. ಕೊನೆಗೆ ತಿಳಿದದ್ದು, ಬೋರ್‌ವೆಲ್ಲಿನ ಗಡಸು ನೀರು ಬಣ್ಣವನ್ನು ಕೆಡಿಸುತ್ತಿತ್ತು. ಶುದ್ಧ ನೀರು ಕಳಿಸಿ ಎಂದು ಮೇಲಿನವರಿಗೆ ಬರೆದರೆ ಉತ್ತರವೇ ಇಲ್ಲ. ಬಸ್ ಸ್ಟ್ಯಾಂಡಿನ ಬ್ಯಾಟರಿ ಅಂಗಡಿಗೆ ಹೋಗಿ ಬ್ಯಾಟರಿಗೆ ಹಾಕುವ ನೀರು ಕೇಳಿದೆ. ಅಂಗಡಿಯವನು, "ಅಕ್ಕಾರ, ಯಾವ ಲಾರಿ ಐತ್ರಿ ನಿಮ್ಮದು?" ಎಂದ. ಕೊಟ್ಟೂರು ಬಿಡುವವರೆಗೂ ಅಲ್ಲಿಯ ಜನರ ರಕ್ತವನ್ನು ಲಾರಿಯ ನೀರಿನಲ್ಲೇ ತೊಳೆದೆ.

ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಮೇಲಧಿಕಾರಿ ಇದ್ದರು. ಅವರಿಗೆ ಎಲ್ಲ ಜ್ವರವೂ ಟೈಫಾಯ್ಡ್. ನಾನು ಇಲ್ಲ ಎಂದು ಬರೆದುಕೊಟ್ಟರೆ, "ಮತ್ತೊಮ್ಮೆ ನೋಡಮ್ಮ, ಸರಿಯಾಗಿ ನೋಡು" ಎಂದು ವಾಪಸು ಕಳಿಸುತ್ತಿದ್ದರು. ಇದೆ ಎಂದು ಬರೆಯುವವರೆಗೂ ಅವರ ಪ್ರಕಾರ ನನಗೆ ಕಣ್ಣು ಸರಿಯಿರಲಿಲ್ಲ. ಖಾದರ್ ಸಾಹೇಬರು ಕಲಿಸಿದ ಒಂದೇ ಪಾಠ ಅಲ್ಲಿ ನನ್ನನ್ನು ಕಾಯ್ದದ್ದು: ಕಂಡದ್ದನ್ನು ಬರಿ, ಪೂರಾ ಬರಿ, ಯಾರ ಮುಖ ನೋಡಿಯೂ ಬರೀಬ್ಯಾಡ. ಆ ಪಾಠವನ್ನು ಒಂದು ಸಲ ಬಿಟ್ಟು ಉಳಿದೆಲ್ಲ ಕಾಲ ಪಾಲಿಸಿದೆ. ಆ ಒಂದು ಸಲದ ಕಥೆ ಹೂವಿನಹಡಗಲಿಯಲ್ಲಿ ಶುರುವಾಯಿತು.

ಹಡಗಲಿಯಲ್ಲಿ ಬೆಳಗಿನ ಹೊತ್ತು ಬಸ್ ಸ್ಟ್ಯಾಂಡಿನ ತುಂಬ ಮಲ್ಲಿಗೆಯ ಬುಟ್ಟಿಗಳು. ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಗಳನ್ನು ಬಸ್ಸಿನ ಮೇಲೆ ಏರಿಸುವವರಲ್ಲಿ ಮಾಗಳದ ಕೊಟ್ರೇಶಿ ಎಂಬವನಿದ್ದ. ಓದು ಬಾರದವನು. ಯಾವ ಬುಟ್ಟಿ ಯಾವ ಊರಿಗೆ ಎಂದು ತಿಳಿಯಲು ಬಾಳೆನಾರಿನಿಂದ ಬಣ್ಣದ ಬಟ್ಟೆಯ ಚೂರು ಕಟ್ಟುತ್ತಿದ್ದ. ದಾವಣಗೆರೆಗೆ ಕೆಂಪು, ಹುಬ್ಬಳ್ಳಿಗೆ ಹಸಿರು. ಬಾಡಿದ ಹೂವಿನ ಬುಟ್ಟಿಗೆ ಕಪ್ಪು ಚೂರು ಕಟ್ಟಿ ಪಕ್ಕಕ್ಕೆ ಒಗೆಯುತ್ತಿದ್ದ. ಅವನ ಹೆಂಡತಿ ನೀಲವ್ವ. ಅವಳಿಗೆ ಅವನು ಗಂಡನಾಗುವ ಮೊದಲೇ ಸೋದರಮಾವ, ಅವಳ ತಾಯಿಯ ತಮ್ಮ. ತಾಯಿ ಬೇಗ ತೀರಿಕೊಂಡಿದ್ದರಿಂದ ನೀಲವ್ವನನ್ನೂ ಅವಳ ತಂಗಿ ರೇಣುಕಳನ್ನೂ ಸಾಕಿದವಳು ಅಜ್ಜಿ ಗಂಗವ್ವ. ಮೊಮ್ಮಗಳು ಮೈನೆರೆದ ಮೇಲೆ ಹೊರಗೆ ಯಾಕೆ ಕೊಡಬೇಕೆಂದು ತನ್ನ ಮಗನಿಗೇ ತಂದುಕೊಂಡಳು. ಹೀಗಾಗಿ ನೀಲವ್ವನಿಗೆ ಅಜ್ಜಿಯೂ ಅವಳೇ, ಅತ್ತೆಯೂ ಅವಳೇ. ಇದರಲ್ಲಿ ವಿಶೇಷವೇನೂ ಇರಲಿಲ್ಲ. ನಮ್ಮ ಕಡೆ ಅರ್ಧ ಮದುವೆಗಳು ಹೀಗೇ ಆಗುತ್ತವೆ.

ನೀಲವ್ವನ ಮೊದಲ ಕೂಸು ಭೇದಿಯಿಂದ ಹೋಯಿತು. ಎರಡನೆಯದು ಉಬ್ಬಸದಿಂದ. ಎರಡರ ರಕ್ತವೂ ನಮ್ಮ ಲ್ಯಾಬಿಗೆ ಬಂದಿತ್ತು, ನಾನು ಬರುವ ಮೊದಲೋ ನಂತರವೋ ನೆನಪಿಲ್ಲ. ಎರಡಕ್ಕೂ ನಾರ್ಮಲ್ ಎಂದೇ ಉತ್ತರ ಹೋಗಿತ್ತು. ಯಾಕೆಂದರೆ ಲ್ಯಾಬಿನ ಗೋಡೆಯ ಮೇಲೆ ಒಂದು ಹಲಗೆ. ಯಾವ ಜಾತಿಯ ಬಿಳಿಕಣ ನೂರಕ್ಕೆ ಎಷ್ಟಿರಬೇಕೆಂದು ಯಾರೋ ಪುಣ್ಯಾತ್ಮರು ಬಣ್ಣದಲ್ಲಿ ಬರೆಸಿಟ್ಟಿದ್ದರು. ಅದು ದೊಡ್ಡವರ ಲೆಕ್ಕ. ಎಳೆಗೂಸುಗಳ ರಕ್ತದಲ್ಲಿ ಲಿಂಫೋಸೈಟು ಎಂಬ ಸಣ್ಣ ದುಂಡನೆಯ ಬಿಳಿಕಣಗಳೇ ಹೆಚ್ಚಿರಬೇಕು. ದೊಡ್ಡವರಲ್ಲಿ ಅವು ಕಡಿಮೆ. ಕೂಸಿನಲ್ಲಿ ಅವು ಕಡಿಮೆ ಕಂಡರೆ ಹಲಗೆ ನೋಡಿ ಸರಿಯಾಗಿದೆ ಎಂದು ಬರೆದುಬಿಡುತ್ತಿದ್ದೆವು. ಕೆಡುಕಿನ ಗುರುತೇ ನಮ್ಮ ಹಲಗೆಯ ಮೇಲೆ ಆರೋಗ್ಯವಾಗಿತ್ತು. ಕೂಡ್ಲಿಗಿಯಲ್ಲೂ ಇದೇ ಹಲಗೆ, ಮುಂದೆ ಹೋದ ಹರಪನಹಳ್ಳಿಯಲ್ಲೂ ಇದೇ.

ಮೂರನೆಯ ಕೂಸನ್ನು ನೀಲವ್ವ ಎತ್ತಿಕೊಂಡು ಬಂದಾಗ ದಾವಣಗೆರೆ ಕಡೆಯ ಡಾ. ಮಂಜುನಾಥ ಎಂಬ ಮಕ್ಕಳ ವೈದ್ಯರು ಹೊಸದಾಗಿ ಬಂದಿದ್ದರು. ಗಂಡು ಕೂಸು, ಹೆಸರು ತಿಪ್ಪೇಶಿ. ನನ್ನಂತೆಯೇ ತಿಪ್ಪೆಯಲ್ಲಿ ಉರುಳಿ ಬಂದವನು. ಬಾಯೊಳಗೆಲ್ಲ ಮೊಸರು ಮೆತ್ತಿದಂತೆ ಬಿಳಿ ಹುಣ್ಣು. ಕ್ಷಯ ಬಾರದಿರಲೆಂದು ಎಡತೋಳಿಗೆ ಹಾಕಿದ ಬಿಸಿಜಿ ಚುಚ್ಚುಮದ್ದಿನ ಜಾಗ ಒಣಗದೆ ಕೀವು ಕಟ್ಟಿತ್ತು, ಕಂಕುಳಲ್ಲಿ ಗಂಟು. ತೂಕ ಹೇಳಿಕೊಳ್ಳುವ ಹಾಗಿರಲಿಲ್ಲ. ಹಿಮ್ಮಡಿಗೆ ಚುಚ್ಚಿದಾಗ ಅಳಲಿಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ನಾನು ಎಣಿಸಿ ಬರೆದು ಕೊಟ್ಟೆ. ಮಂಜುನಾಥರು ಕಾಗದ ಹಿಡಿದುಕೊಂಡೇ ಲ್ಯಾಬಿಗೆ ಬಂದರು.

"ತಿಪ್ಪಮ್ಮ, ಈ ವಯಸ್ಸಿನ ಕೂಸಿಗೆ ಲಿಂಫೋಸೈಟು ಇಷ್ಟೇನಾ?"

"ಹಲಗೆ ಪ್ರಕಾರ ಸರಿಯಾಗೇ ಐತಲ್ರೀ ಸರ್."

ಅವರು ಹಲಗೆಯನ್ನು ನೋಡಿದರು. ಸ್ಟೂಲಿನ ಮೇಲೆ ಕೂತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಆಮೇಲೆ ಅದೇ ವಯಸ್ಸಿನ ಬೇರೊಂದು ಕೂಸಿನ ಗಾಜು ಕೇಳಿ ಪಕ್ಕದಲ್ಲಿಟ್ಟು ನನ್ನನ್ನೂ ನೋಡಲು ಹೇಳಿದರು. ಒಂದರಲ್ಲಿ ರಾಗಿ ಚೆಲ್ಲಿದಂತೆ ದುಂಡನೆಯ ಕಣಗಳು. ನೀಲವ್ವನ ಕೂಸಿನ ಗಾಜನ್ನು ಈ ತುದಿಯಿಂದ ಆ ತುದಿಗೆ ಸರಿಸಿದರೂ ಅಲ್ಲೊಂದು ಇಲ್ಲೊಂದು. ಇದ್ದವು ಕೂಡ ಬಲಿತವಲ್ಲ. ಎದೆಯ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಎಳೆಗೂಸುಗಳ ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯ ನೆರಳು ಕಾಣಬೇಕು. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿದ ಕೆಲವು ಬಿಳಿಕಣಗಳು ಅಲ್ಲಿಗೆ ಹೋಗಿ, ನಮ್ಮದು ಯಾವುದು ಹೊರಗಿನದು ಯಾವುದು ಎಂದು ಕಲಿತು, ಬಲಿತು ಹೊರಬರುತ್ತವೆ. ಈ ಕೂಸಿನ ಎದೆಯಲ್ಲಿ ಆ ನೆರಳೇ ಇರಲಿಲ್ಲ.

"ಹುಟ್ಟಿನಿಂದಲೇ ರೋಗ ತಡೆಯೋ ಶಕ್ತಿ ಇಲ್ಲ ಇದಕ್ಕೆ. ಲಕ್ಷಾಂತರ ಮಕ್ಕಳನ್ನ ಕಾಯೋ ಚುಚ್ಚುಮದ್ದು ಇಂಥ ಒಂದು ಕೂಸಿಗೆ ಮಾತ್ರ ರೋಗ ಆಗ್ತದೆ. ದೊಡ್ಡಾಸ್ಪತ್ರೆಗೆ ಕಳಿಸೋಣ. ಅಲ್ಲೀತನಕ ಧೂಳು, ಸಗಣಿ, ಜನರ ಗುಂಪು, ಏನೂ ತಾಗಬಾರದು. ನೀವೇ ತಿಳಿಸಿ ಹೇಳಿ, ನಿಮ್ಮ ಮಾತು ಅವರಿಗೆ ನಾಟ್ತದೆ" ಎಂದರು.

ನಾನು ವರಾಂಡಕ್ಕೆ ಹೋಗಿ ಹೇಳಿದೆ. ನೀಲವ್ವ ಕಣ್ಣರಳಿಸಿ ಕೇಳಿದಳು. ಗಂಗವ್ವ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಹೆಸರೇನವ್ವಾ?" ಎಂದಳು. ಹೇಳಿದೆ.

"ಮತ್ತ? ನಿನ್ನೂ ತಿಪ್ಪಿ ಮ್ಯಾಲ ಉಳ್ಳಾಡಿಸ್ಯಾರ. ನೀ ಉಳಿದಿಲ್ಲೇನು? ಸಗಣಿ ತಾಗಬಾರದಂತ ನನಗ ಹೇಳಾಕ ಬಂದಾಳ!"

ಅದಕ್ಕೆ ಉತ್ತರ ನನ್ನ ಬಳಿ ಈಗ ಇದೆ. ನನ್ನ ಮೈಯಲ್ಲಿ ಬಲಿತ ಕಣಗಳಿದ್ದವು, ಹಾಗಾಗಿ ತಿಪ್ಪೆಯಿಂದ ನನಗೇನೂ ಆಗಲಿಲ್ಲ. ಆ ಹೊತ್ತಿಗೆ ಇಷ್ಟು ಸರಳವಾಗಿ ಹೇಳಲು ಬಾಯಿಗೆ ಬರಲಿಲ್ಲ.

ಬಟ್ಟೆಬರೆ ತರಲು ಅವರು ಮಾಗಳಕ್ಕೆ ಹೋದರು. ಮಾರನೆಯ ದಿನ ನಗರದ ದೊಡ್ಡಾಸ್ಪತ್ರೆಗೆ ಹೊರಡಬೇಕಿತ್ತು. ನೀಲವ್ವ ಬಟ್ಟೆ ಒಗೆಯಲು ಹೊಳೆಗೆ ಹೋದ ಸಮಯದಲ್ಲಿ ಗಂಗವ್ವ ಕೂಸನ್ನು ಮತ್ತೊಮ್ಮೆ ತಿಪ್ಪೆಗೆ ಒಯ್ದಳು. ಮೊದಲ ಸಲ ತಿಪ್ಪೆಯಿಂದ ಕೂಸನ್ನು ಎತ್ತಿಕೊಂಡವಳು ಬಳಗದವಳೇ, ಅದಕ್ಕೇ ಸಾವು ಗುರುತು ಹಿಡಿದುಬಿಟ್ಟಿದೆ, ಹೊರಗಿನವರ ಕೈಯಲ್ಲಿ ಎತ್ತಿಸಿದರೆ ಉಳಿಯುತ್ತದೆ ಎಂಬುದು ಅವಳ ನಂಬಿಕೆ. ಎತ್ತಿಕೊಳ್ಳಲು ಬೇರೆ ಓಣಿಯ ಹೆಂಗಸನ್ನು ಹುಡುಕಿ ಕರೆತಂದಿದ್ದಳು. ಹೊಳೆಯಿಂದ ಬಂದ ನೀಲವ್ವ ನೋಡಿದ್ದು, ಕೂಸಿನ ತೋಳಿನ ಹುಣ್ಣಿಗೆ ಮೆತ್ತಿದ ಗೊಬ್ಬರ. ಇದನ್ನು ನನಗೆ ಹೇಳಿದವಳು ಅವಳೇ, ಮರುದಿನ ಬಸ್ ಸ್ಟ್ಯಾಂಡಿನಲ್ಲಿ, ಅಜ್ಜಿಗೆ ಕೇಳಿಸದಂತೆ.

"ಆಕಿಗಿ ಏನೂ ಅನಬ್ಯಾಡ್ರಿ ಅಕ್ಕಾರ. ಪಿರೂತಿಗೆ ಮಾಡ್ಯಾಳ."

ಕೂಸಿಗೆ ಆಗಲೇ ಮೈ ಸುಡುತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ಕೆಲವು ದಿನ ಹೆಣಗಾಡಿ ಹೋಯಿತು. ತಿಪ್ಪೆಯೊಂದರಿಂದಲೇ ಹೋಯಿತೆಂದು ಹೇಳಲಾಗದು, ಯಾವ ಗಾಳಿಯಿಂದಲಾದರೂ ಹೋಗುತ್ತಿತ್ತು ಎಂದು ಮಂಜುನಾಥರು ಆಮೇಲೆ ನನಗೆ ಹೇಳಿದರು. ಇನ್ನೊಬ್ಬರ ಮೂಳೆಯ ಮಜ್ಜೆ ಕೂಡಿಸಿ ಉಳಿಸುವ ಚಿಕಿತ್ಸೆ ಎಲ್ಲೋ ಇದೆಯಂತೆ, ಬಸ್ಸಿನ ಮೇಲೆ ಬುಟ್ಟಿ ಏರಿಸುವವನ ಮಗನಿಗೆ ಆ ಕಾಲದಲ್ಲಿ ಅದು ಎಟುಕುವ ಮಾತಲ್ಲ. ಕೂಸಿನ ರಕ್ತವನ್ನು ಮಾತ್ರ ಅಲ್ಲಿಯ ವೈದ್ಯರು ತೆಗೆದಿಟ್ಟುಕೊಂಡರು. ಹಡಗಲಿಯ ಲ್ಯಾಬಿನ ಹಲಗೆಯನ್ನು ನಾನು ಕಿತ್ತು ಹಾಕಿದೆ. ಕೂಸುಗಳ ಲೆಕ್ಕವನ್ನು ಬೇರೆಯಾಗಿ ಬರೆಸಿದೆ. ಅದಕ್ಕೂ ಮೇಲಿನವರು ಕಾರಣ ಕೇಳಿ ನೋಟೀಸು ಕೊಟ್ಟರು, ಸರ್ಕಾರಿ ಹಲಗೆ ಕಿತ್ತದ್ದಕ್ಕೆ.

ಮಾಗಳದಲ್ಲಿ ನೀಲವ್ವನಿಗೆ ಮೂರು ತಿಂದಾಕಿ ಎಂಬ ಹೆಸರು ಬಿತ್ತು. ಹೆಸರಿಟ್ಟವಳು ಗಂಗವ್ವ. ಬೇರೆ ಹೆಂಗಸರು ಹಡೆದ ಮನೆಗೆ ಅವಳನ್ನು ಸೇರಿಸದಾದರು. ಮತ್ತೆ ಅವಳು ಬಸುರಾಗಲಿಲ್ಲ. ಆಗಲು ಬಿಟ್ಟರೋ ಇಲ್ಲವೋ ನಾನು ಕೇಳಲಿಲ್ಲ.

ವರ್ಷಗಳು ಹೋದವು. ಎರಡು ಸಾವಿರದ ಇಸವಿ ದಾಟಿತು. ಬಾಯಿಂದ ರಕ್ತ ಎಳೆಯುವುದು ನಿಂತಿತು, ಒಮ್ಮೆ ಬಳಸಿ ಬಿಸಾಡುವ ಸೂಜಿ ಬಂದವು, ಕೈಗವಸು ಬಂದವು. ನಾನು ಹರಪನಹಳ್ಳಿಗೆ ಬಂದಿದ್ದೆ. ಮೆಕ್ಕೆಜೋಳದ ಧೂಳಿನಿಂದ ಕೆಮ್ಮುತ್ತ ಬರುವ ಹಮಾಲರ ಕಫ ನೋಡುವುದೇ ದೊಡ್ಡ ಕೆಲಸವಾಗಿತ್ತು. ಮಂಜುನಾಥರು ಹೆಚ್ಚಿನ ಓದಿಗೆ ಹೋಗಿ ನಗರದ ಒಂದು ಸಂಶೋಧನಾಲಯದಲ್ಲಿ ನಿಂತಿದ್ದರು. ಒಂದು ದಿನ ಫೋನು ಮಾಡಿದರು. ತಿಪ್ಪೇಶಿಯ ರಕ್ತ ಇನ್ನೂ ಇದೆ, ದೋಷ ಎಲ್ಲಿದೆ ಎಂದು ಹುಡುಕುವ ದಾರಿ ಈಗ ಇದೆ, ಮನೆಯವರ ರಕ್ತ ಬೇಕು, ತಂದುಕೊಡುವಿರಾ ಎಂದರು.

ಒಂದು ಭಾನುವಾರ ಮಾಗಳಕ್ಕೆ ಹೋದೆ. ಕೊಟ್ರೇಶಿ ತೋಳು ಕೊಟ್ಟ. ನೀಲವ್ವ ಕೊಟ್ಟಳು. ಲಂಗದಲ್ಲಿ ಓಡಾಡುತ್ತಿದ್ದ ರೇಣುಕ ಈಗ ಬೆಳೆದ ಹುಡುಗಿ. ಅವಳೂ ಕಣ್ಣು ಮುಚ್ಚಿ ಕೊಟ್ಟಳು. ಗಂಗವ್ವ ಕೊಡುವುದಿಲ್ಲ ಎಂದುಕೊಂಡಿದ್ದೆ. ಅವಳು ಬಳೆ ಹಿಂದಕ್ಕೆ ಸರಿಸಿ ಮುಂದೆ ಬಂದು ಕೂತಳು.

"ತಗಾ, ನಂದೂ ತಗಾ. ಯಾರದು ಕೆಟ್ಟದ್ದು ಅನ್ನಾದು ಗೊತ್ತಾಗ್ಲಿ. ಆಮ್ಯಾಲ ಈ ರೇಣುಕನ್ನ ಕೊಟ್ರೇಶಿಗಿ ಕಟ್ಟತೀನಿ. ಅಕ್ಕನ ಮಕ್ಕಳು ಉಳೀಲಿಲ್ಲ, ತಂಗೀವರ ಉಳದಾವು."

ಅಕ್ಕನಿಗೆ ಮಕ್ಕಳು ಉಳಿಯದಿದ್ದರೆ ತಂಗಿಯನ್ನು ಅದೇ ಗಂಡನಿಗೆ ತರುವುದು ನಮ್ಮ ಕಡೆ ಹಿಂದಿನಿಂದ ನಡೆದದ್ದು. ಕಾನೂನು ಬೇಡವೆನ್ನುತ್ತದೆ, ಹೊಳೆಯ ದಂಡೆಗೆ ಕಾನೂನು ಬರುವುದು ನಿಧಾನ. ರೇಣುಕ ಮೂಲೆಯಲ್ಲಿ ಕೂತು ಹತ್ತಿಯಿಂದ ತೋಳು ಒತ್ತಿಕೊಳ್ಳುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಉತ್ತರ ಬರಲು ಬಹಳ ಕಾಲ ಹಿಡಿಯಿತು. ಒಂದು ಮಧ್ಯಾಹ್ನ ಮಂಜುನಾಥರು ಫೋನಿನಲ್ಲಿ ವಿವರಿಸಿದರು. ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಎಲ್ಲರ ಜೀವಕೋಶದಲ್ಲೂ ಇದೆ. ಕೋಶ ಅದನ್ನು ಇತರ ಪ್ರೋಟೀನುಗಳಿಗೆ ಅಂಟಿಸುತ್ತದೆ. ಅಂಟಿಸಿಕೊಂಡದ್ದು ಹೆಚ್ಚಾಗಿ ಒಡೆದುಹೋಗುತ್ತದೆ. ಅದರ ಬಳಗದ ಬೇರೆ ಪ್ರೋಟೀನುಗಳೂ ಇವೆ. ಸುಮೋ, ನೆಡ್ ಎಂದೆಲ್ಲ ಹೆಸರು. ಅವನ್ನು ಅಂಟಿಸಿದರೆ ಒಡೆಯುವುದೇ ಆಗಬೇಕೆಂದಿಲ್ಲ. ಒಂದು ಜಾಗ ಬದಲಿಸುತ್ತದೆ, ಒಂದು ಕೆಲಸ ಶುರು ಮಾಡುತ್ತದೆ, ಒಂದು ನಿಲ್ಲಿಸುತ್ತದೆ. ಬಿಳಿಕಣ ಹುಟ್ಟಿ ಬಲಿಯುವವರೆಗೆ ಹಳೆಯದನ್ನು ತೆಗೆದು ಹೊಸದನ್ನು ಶುರು ಮಾಡುವ ಕೆಲಸ ಹೆಜ್ಜೆಹೆಜ್ಜೆಗೂ ಇರುತ್ತದೆ. ಅಂಟಿಸುವ ಕಿಣ್ವ ಕೆಟ್ಟರೆ ಕಣ ಅರ್ಧ ದಾರಿಯಲ್ಲಿ ನಿಂತು ಸಾಯುತ್ತದೆ. ತಿಪ್ಪೇಶಿಯಲ್ಲಿ ಅಂಥದೊಂದು ಕಿಣ್ವ ಕೆಟ್ಟಂತೆ ಕಾಣುತ್ತದೆ, ಪೂರಾ ಖಾತ್ರಿಯೆಂದು ಹೇಳಲಾರೆ, ಈ ವಿಷಯ ಇನ್ನೂ ನಮಗೇ ಹೊಸದು ಎಂದರು.

"ಮನೆಯವರದು?" ಎಂದು ಕೇಳಿದೆ.

"ನಾಲ್ವರಲ್ಲೂ ಇದೆ ತಿಪ್ಪಮ್ಮ. ಆ ಕಿಣ್ವದ ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ಪ್ರತಿ ಬರ್ತದೆ. ಅವರಲ್ಲಿ ಒಂದು ಪ್ರತಿ ಕೆಟ್ಟದ್ದು, ಒಂದು ಒಳ್ಳೇದು. ಅದಕ್ಕೇ ಅವರೆಲ್ಲ ಗಟ್ಟಿಯಾಗಿದಾರೆ. ಅಜ್ಜಿಯಿಂದ ಮಗನಿಗೂ ಬಂದಿದೆ, ಮಗಳ ಮೂಲಕ ಮೊಮ್ಮಕ್ಕಳಿಗೂ ಬಂದಿದೆ. ಇಬ್ಬರ ಕೆಟ್ಟ ಪ್ರತಿಯೂ ಒಂದೇ ಕೂಸಿಗೆ ಸೇರಿದರೆ ತಿಪ್ಪೇಶಿ ಹಾಗೆ. ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದರಷ್ಟು ಅಪಾಯ. ಬೇರೆ ಕಡೆ ಮದುವೆ ಆಗಿದ್ದರೆ ನೀಲವ್ವನ ಮಕ್ಕಳೂ ಉಳೀತಿದ್ದವು, ಅವನವೂ ಉಳೀತಿದ್ದವು. ರೇಣುಕನ್ನ ಮಾತ್ರ ಆ ಮನೆಗೆ ಕೊಡಬಾರದು."

ನಾಲ್ಕರಲ್ಲಿ ಒಂದು ಎಂಬುದು ನೀಲವ್ವನ ಪಾಲಿಗೆ ಮೂರಕ್ಕೆ ಮೂರೂ ಆಗಿತ್ತೇನೋ. ಮೊದಲ ಎರಡು ಕೂಸು ಯಾವುದರಿಂದ ಹೋದವೆಂದು ಇನ್ನು ಯಾರೂ ಹೇಳಲಾರರು. ರೇಣುಕಳ ಮದುವೆ ಗೊತ್ತು ಮಾಡುತ್ತಿದ್ದಾರೆಂದು ಕೇಳಿದ್ದೆ. ರಜೆ ಹಾಕಿ ಹೊರಟೆ.

ಹಡಗಲಿಯಲ್ಲಿ ಬಸ್ಸು ಬದಲಿಸುವಾಗ ಕೊಟ್ರೇಶಿ ಸಿಕ್ಕ. ಅವನಿಗೆ ಅವನ ಕೆಲಸದಲ್ಲೇ ಹೇಳಿದೆ. ಮೈಯೊಳಗೂ ಹೀಗೆ ಚೂರು ಕಟ್ಟುವ ಕೈಗಳಿವೆ, ಯಾವುದು ಎಲ್ಲಿಗೆ ಹೋಗಬೇಕು, ಯಾವುದನ್ನು ಒಗೆಯಬೇಕು ಎಂದು ಅವು ಕಟ್ಟುತ್ತವೆ, ನಿನ್ನ ಕೂಸಿನಲ್ಲಿ ಕಟ್ಟುವ ಕೈ ಇರಲಿಲ್ಲ, ಬುಟ್ಟಿಗಳೆಲ್ಲ ಸ್ಟ್ಯಾಂಡಿನಲ್ಲೇ ಕೊಳೆತವು ಎಂದೆ. ಆ ದೋಷ ಅರ್ಧ ಅವನಿಂದ, ಅರ್ಧ ನೀಲವ್ವನಿಂದ, ಇಬ್ಬರಿಗೂ ಗಂಗವ್ವನಿಂದ ಬಂದದ್ದು ಎಂದೂ ಹೇಳಿದೆ. ಅವನು ಬೇಗ ಅರ್ಥ ಮಾಡಿಕೊಂಡ. ಕೈಯಲ್ಲಿದ್ದ ನಾರನ್ನು ಸುತ್ತುತ್ತ ನಿಂತ.

"ನೀವ ಮನಿಗಿ ಹೋಗಿ ಹೇಳ್ರಿ ಅಕ್ಕಾರ. ನನಗ ಬಾಯಿ ಬರಂಗಿಲ್ಲ."

ಮಾಗಳದ ಮನೆಯಲ್ಲಿ ಗಂಗವ್ವ ಇರಲಿಲ್ಲ, ಹೊಳೆಗೆ ಹೋಗಿದ್ದಳು. ಅಕ್ಕತಂಗಿಯರನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ನೀಲವ್ವ ಹಿಗ್ಗುತ್ತಾಳೆ, ಅಳುತ್ತಾಳೆ, ಇಷ್ಟು ವರ್ಷ ಅಂದವರ ಮುಖಕ್ಕೆ ಉಗಿಯುತ್ತಾಳೆ ಎಂದೆಲ್ಲ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವಳು ನೆಲ ಕೆರೆಯುತ್ತ ಕೇಳಿದಳು:

"ರೇಣುಕನ್ನ ಹೊರಗ ಕೊಟ್ರ ಆಕಿ ಮಕ್ಕಳು ಉಳೀತಾವೇನ್ರಿ?"

"ಉಳೀತಾವ. ಸಂಬಂಧದಾಗ ಮಾತ್ರ ಬ್ಯಾಡ."

"ನಮ್ಮ ಮಾವಂದು? ಹೊರಗಿನಾಕಿನ್ನ ತಂದ್ರ?"

"ಅವೂ ಉಳೀತಾವ. ಆದ್ರ ಇನ್ನೊಬ್ಬಾಕಿನ್ನ ಯಾಕ ತರಬೇಕು ನೀಲವ್ವ? ನಿನ್ನ ತಪ್ಪಿಲ್ಲ ಅಂತ ಹೇಳಾಕ ಬಂದೀನಿ ನಾನು."

ಅವಳು ಉತ್ತರ ಕೊಡುವಷ್ಟರಲ್ಲಿ ಗಂಗವ್ವ ಬಿಂದಿಗೆ ಹೊತ್ತು ಬಾಗಿಲಿಗೆ ಬಂದಳು. ಬಿಂದಿಗೆ ಇಳಿಸುವ ಮೊದಲೇ ಕೇಳಿದಳು, "ಏನು ಬಂತವ್ವಾ? ಯಾರದು ಕೆಟ್ಟದ್ದಂತ?"

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಎದ್ದು ನಿಂತಳು. "ನಂದ ಅಜ್ಜಿ. ರೇಣುಕಾಂದೂ ಹಂಗ ಐತಂತ. ಆಕಿನ್ನ ಈ ಮನಿಗಿ ಕಟ್ಟಬ್ಯಾಡ. ನಿನ್ನ ಮಗಗ ಹೊರಗಿನಾಕಿನ್ನ ತಗೊಂಡು ಬಾ."

ಗಂಗವ್ವ ನನ್ನತ್ತ ತಿರುಗಿದಳು. ತಲೆಯ ಮೇಲಿನ ಬಿಂದಿಗೆಯಿಂದ ನೀರು ಅವಳ ಕೆನ್ನೆಯ ಮೇಲೆ ಇಳಿಯುತ್ತಿತ್ತು. "ಹೌದೇನವ್ವಾ ತಿಪ್ಪಮ್ಮ?"

ನೀಲವ್ವನ ಮುಖ ನೋಡಿದೆ. ಕೆಲಸಕ್ಕೆ ಸೇರಿದಂದಿನಿಂದ ಯಾರ ಮುಖ ನೋಡಿಯೂ ವರದಿ ಕೊಟ್ಟವಳಲ್ಲ ನಾನು.

"ಹೌದು" ಎಂದೆ.

ಅದು ಸುಳ್ಳೇನೂ ಅಲ್ಲ. ಆ ಇಬ್ಬರ ರಕ್ತದಲ್ಲಿ ದೋಷ ಇದ್ದದ್ದು ನಿಜ. ಉಳಿದ ಇಬ್ಬರ ಹೆಸರು ಹೇಳಲಿಲ್ಲ, ಅಷ್ಟೇ. ಗಂಗವ್ವ ಬಿಂದಿಗೆ ಇಳಿಸಿದಳು. "ನಾ ಅಂದಿದ್ದೆ. ಮೊದಲ ಅಂದಿದ್ದೆ ನಾ" ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಹೋದಳು.

ನೀಲವ್ವ ಬಸ್ಸಿನವರೆಗೂ ಬಂದಳು. ನನಗೆ ಅಳುವೂ ಬರುತ್ತಿತ್ತು, ಅವಳಿಗೆ ನಾಲ್ಕು ಬಾರಿಸಬೇಕೆನ್ನುವಷ್ಟು ಸಿಟ್ಟೂ ಬರುತ್ತಿತ್ತು. "ತಂಗಿ ಮದುವಿ ತಪ್ಪಿಸಾಕ ಖರೇ ಹೇಳಿದ್ರೂ ಆಗತಿತ್ತಲ್ಲ? ಯಾಕ ಹಿಂಗ ಮಾಡಿದಿ?" ಎಂದೆ.

"ಖರೇ ಹೇಳಿದ್ರ ಆಕಿ ಏನು ಮಾಡಬೇಕ್ರಿ ಅಕ್ಕಾರ? ಜೋಡಿ ಮಾಡಿದಾಕಿ ಆಕಿನ. ಕೂಸಿನ್ನ ತಿಪ್ಪಿಗಿ ಒಯ್ದ ಕೈನೂ ಆಕೀದ. ಈಗ ರಕ್ತನೂ ನಿಂದ ಅಂತ ಹೇಳಿದ್ರ ಆಕಿಗಿ ಬದುಕಾಕ ಏನು ಉಳೀತೈತಿ? ಅವ್ವ ಇಲ್ಲದ ಎರಡು ಕೂಸು ಎತ್ತಿ ಬೆಳೆಸ್ಯಾಳ. ನನಗಾದ್ರ ಬೈಸಿಕೊಂಡು ರೂಢಿ ಆಗೈತಿ."

ಹೊಸದಾಗಿ ಸೇರುವವರಿಗೆ ನಾನು ಈಗಲೂ ಹೇಳುವುದು ಖಾದರ್ ಸಾಹೇಬರ ಮಾತನ್ನೇ. ಕಂಡದ್ದನ್ನು ಪೂರಾ ಬರೆಯಿರಿ. ಅದರ ಜೊತೆಗೆ ಇದನ್ನೂ ತಿಳಿದಿರಿ. ನೀವು ಬರೆದುಕೊಟ್ಟದ್ದು ಮನೆಯೊಳಗೆ ಹೋದ ಮೇಲೆ ನಿಮ್ಮದಾಗಿ ಉಳಿಯುವುದಿಲ್ಲ. ಅಲ್ಲಿ ಅದನ್ನು ಯಾರು ಹೊರುತ್ತಾರೆ ಎಂಬುದು ಯಾವ ಸೂಕ್ಷ್ಮದರ್ಶಕದಲ್ಲೂ ಕಾಣುವುದಿಲ್ಲ. ಅವತ್ತು ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ. ರೇಣುಕಳನ್ನು ಹಗರಿಬೊಮ್ಮನಹಳ್ಳಿ ಕಡೆ ಹೊರಗಿನವರಿಗೆ ಕೊಟ್ಟರು, ಚೆನ್ನಾಗಿದ್ದಾಳೆ. ಕೊಟ್ರೇಶಿಗೆ ಬೇರೆ ಊರಿನಿಂದ ಹೆಣ್ಣು ತಂದರು. ನಿಜ ಗೊತ್ತಿದ್ದೂ ಅವನಿಗೆ ಕೊನೆಯವರೆಗೂ ಬಾಯಿ ಬರಲಿಲ್ಲ.

ಕೆಲವು ವರ್ಷದ ಮೇಲೆ ಹಡಗಲಿಯಲ್ಲಿ ನೀಲವ್ವ ಸಿಕ್ಕಳು. ಮಲ್ಲಿಗೆ ಕಟ್ಟಿ ಮಾರುತ್ತಿದ್ದಳು. ಕೂದಲು ನೆರೆತಿತ್ತು. ಅಜ್ಜಿ ಅದಾಳ, ಕಣ್ಣು ಕಾಣಂಗಿಲ್ಲ, ನಾನ ಉಣಿಸ್ತೀನಿ ಎಂದಳು. ಮನೆಯಲ್ಲಿ ಮಕ್ಕಳೆಷ್ಟು ಎಂದು ಕೇಳಿದೆ.

"ಎರಡು ಅದಾವ್ರಿ. ಗಂಡೊಂದು ಹೆಣ್ಣೊಂದು. ಕಲ್ಲಿನಂಗ ಅದಾವ, ಮಳ್ಯಾಗ ತೊಯ್ದ್ರೂ ನೆಗಡಿ ಬರಂಗಿಲ್ಲ."

ಎತ್ತಿ ಆಡಿಸುತ್ತೀಯಾ ಎಂದೆ. ಅವಳು ಹೂವಿನ ಎಳೆ ಬಿಗಿಯುತ್ತ ನಕ್ಕಳು.

"ನನ್ನ ಕೈಗಿ ಕೊಡಂಗಿಲ್ರಿ ಅಕ್ಕಾರ. ಮೂರು ತಿಂದಾಕಿ ಅಲ್ಲೇನ್ರಿ ನಾನು. ಅವು ಮಲಗಿದ ಮ್ಯಾಲ ಬಾಗಿಲದಾಗ ನಿಂತು ನೋಡ್ತೀನಿ."